ನೆತ್ತಿಯ ಗಾಯಕ್ಕೆ ಹೊಲಿಗೆ, ಸ್ಟೇಪಲ್, ಅಂಟು: ಯಾವುದು ಅಗ್ಗ?

ಪ್ರಶ್ನೆ: ನಾನು ಸಣ್ಣ ಕ್ಲಿನಿಕ್‌ನ ವೈದ್ಯೆ. ನೆತ್ತಿ ಸೀಳಿದ ಗಾಯ ಮುಚ್ಚುವುದಕ್ಕೆ ಬೇಕಾದ ಸಾಮಗ್ರಿಗಳ ಬೆಲೆ ನೋಡಿದರೆ ಹೊಲಿಗೆ ನೂಲೇ ಅಗ್ಗ. ಲೆಕ್ಕ ಅಷ್ಟಕ್ಕೇ ಮುಗಿಯುತ್ತದೆಯೇ?

ಉತ್ತರ: ಇಲ್ಲ. ನೂಲಿನ ಬೆಲೆಗೆ ಅರಿವಳಿಕೆ ಮದ್ದು, ಸಿರಿಂಜ್, ಸ್ಟೆರೈಲ್ ಸೆಟ್, ನಿಮ್ಮ ಸಮಯ ಎಲ್ಲವನ್ನೂ ಕೂಡಿಸಿ. 7ರಿಂದ 10 ದಿನಕ್ಕೆ ಹೊಲಿಗೆ ಬಿಚ್ಚಿಸಲು ರೋಗಿ ಮತ್ತೆ ಬರಬೇಕು. ಅವರ ಆ ದಿನದ ದುಡಿಮೆ, ಓಡಾಟ ನಿಮ್ಮ ಬಿಲ್ಲಿನಲ್ಲಿ ಕಾಣದಿದ್ದರೂ ಖರ್ಚು ಖರ್ಚೇ. ಬೇಗ ಕರಗುವ ನೂಲು ಹಾಕಿದರೆ ಮತ್ತೆ ಬರುವ ಈ ಖರ್ಚೊಂದು ತಪ್ಪುತ್ತದೆ.

ಸ್ಟೇಪಲ್‌ನ ಲಾಭವೆಲ್ಲ ವೇಗದಲ್ಲಿದೆ. ನಾಲ್ಕು ಪಿನ್ ಸಾಕಾಗುವ ಗಾಯಕ್ಕೆ 35 ಪಿನ್ನಿನ ಸ್ಟೇಪ್ಲರ್ ತೆರೆದರೆ ಉಳಿದದ್ದು ಕಸ. ಕಡಿಮೆ ಪಿನ್ನಿನದನ್ನೇ ತರಿಸಿ. ತೆಗೆಯಲು ಅದರದೇ ರಿಮೂವರ್ ಬೇಕು. ಸಿ.ಟಿ. ಸ್ಕ್ಯಾನ್ ಆಗಬೇಕಿದ್ದರೆ ಮೊದಲು ಅದು ಮುಗಿಯಲಿ, ಲೋಹದಿಂದ ಚಿತ್ರ ಕೆಡುತ್ತದೆ.

ಕೂದಲು 3 ಸೆಂ.ಮೀ.ಗಿಂತ ಉದ್ದವಿದ್ದು, ಸೀಳು 10 ಸೆಂ.ಮೀ. ಒಳಗಿದ್ದು, ರಕ್ತ ನಿಂತಿದ್ದರೆ ಕೂದಲನ್ನೇ ತಿರುಚಿ ಅಂಟಿಸಿ ಮುಚ್ಚುವ ವಿಧಾನಕ್ಕೆ ನನ್ನ ಮೊದಲ ಮತ. ಗಾಯ ಚೆನ್ನಾಗಿ ತೊಳೆದು, ಎರಡೂ ಅಂಚಿನಿಂದ ನಾಲ್ಕೈದು ಎಳೆ ಹಿಡಿದು, ಅಡ್ಡ ಎಳೆದು ಒಂದೇ ಸುತ್ತು ತಿರುಚಿ, ಗಂಟು ಬೇಡ. ತಿರುಚಿದ ಜಾಗಕ್ಕೆ ಟಿಶ್ಯೂ ಅಂಟು (ಗಾಯ ಮುಚ್ಚಲು ಬಳಸುವ ವೈದ್ಯಕೀಯ ಅಂಟು) ಒಂದೇ ಹನಿ. ಅರಿವಳಿಕೆ ಬೇಡ, ಬೋಳಿಸುವುದು ಬೇಡ, ಬಿಚ್ಚಿಸಲು ಬರುವುದೂ ಬೇಡ. 2002ರಲ್ಲಿ ಪ್ರಕಟವಾದ ಸಿಂಗಪುರದ ಅಧ್ಯಯನದಲ್ಲಿ ಇದಕ್ಕೆ ಹೊಲಿಗೆಗಿಂತ ಬಹಳ ಕಡಿಮೆ ಸಮಯ ಹಿಡಿಯಿತು.

ಕೆಡುವುದು ಹೆಚ್ಚಾಗಿ ಅಂಟಿನಿಂದಲೇ. ಎರಡು, ಮೂರು ಹನಿ ಬಿಟ್ಟರೆ ಅದು ಗಾಯದೊಳಕ್ಕೆ ಇಳಿದು ಅಂಚುಗಳನ್ನು ದೂರ ಇಡುತ್ತದೆ. ಹಣೆಯ ಹತ್ತಿರವಾದರೆ ಕಣ್ಣಿಗೂ ಹರಿದೀತು. ಮುಲಾಮು, ಎಣ್ಣೆ ಹಚ್ಚಿದರೆ ಅಂಟು ಬಿಡುತ್ತದೆ. ಎರಡು ದಿನ ತಲೆಗೆ ನೀರು ಬೇಡವೆಂದು ಮನೆಯವರಿಗೆ ಒತ್ತಿ ಹೇಳಿ. ಬಿಚ್ಚಿಕೊಂಡ ಗಾಯ ಮತ್ತೆ ಮುಚ್ಚುವಾಗ ಉಳಿಸಿದ್ದೆಲ್ಲ ಹೋಗುತ್ತದೆ.

ಆದರೆ ಯಾವುದನ್ನೇ ಆರಿಸುವ ಮೊದಲು ಗಾಯದ ತಳಕ್ಕೆ ಬೆರಳಿಟ್ಟು ನೋಡಲೇಬೇಕು. ಗೇಲಿಯಾ (ನೆತ್ತಿಯ ಚರ್ಮದ ಕೆಳಗಿರುವ ಗಟ್ಟಿ ಪದರ) ಬಾಯ್ದೆರೆದಿದ್ದರೆ, ಅಥವಾ ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ, ಬೆಲೆ ಹೋಲಿಸುತ್ತಾ ಕೂರಬೇಡಿ: ಒಳಪದರಕ್ಕೆ ಕರಗುವ ನೂಲಿನ ಹೊಲಿಗೆಯೇ ಬೇಕು. ಮೂಳೆ ತಗ್ಗಾದಂತೆ ಬೆರಳಿಗೆ ತಾಗಿದರೆ ಮುಚ್ಚಲು ಹೋಗದೆ ನರಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೆ ಕಳಿಸಿ.