ಡಯಾಲಿಸಿಸ್ ಮುಗಿದ ಮೇಲೆ ವ್ಯಾನ್ ಇರಲಿಲ್ಲ ಅಂದಿದ್ದಕ್ಕೆ
ಅಮ್ಮ ಇರುವ ಹಿರಿಯರ ವಸತಿಯ ವ್ಯಾನ್ ಬಾರದೆ, ಡಯಾಲಿಸಿಸ್ ಮುಗಿಸಿದ ಅವರು ಆಸ್ಪತ್ರೆ ಗೇಟಿನಲ್ಲಿ ಒಬ್ಬರೇ ಕಾಯಬೇಕಾಯಿತು ಅಂದಿದ್ದೀರಿ. ಡ್ರೈವರ್ ಉಡಾಫೆಗಿಂತ ಇದು ಬುಕಿಂಗ್ ಎಡವಟ್ಟೇ ಇರಬೇಕು. ಹಿರಿಯರ ವಸತಿಗಳಲ್ಲಿ ಸಾಮಾನ್ಯವಾಗಿ ಡ್ರೈವರ್ ಕೆಲಸ ಗೇಟಿನಿಂದ ಗೇಟಿಗೆ ಅಷ್ಟೇ, ವ್ಯಾನಿನಲ್ಲಿ ಬೇರೆ ಹಿರಿಯರನ್ನು ಬಿಟ್ಟು ಒಳಗೆ ಬರೋಕೆ ಆಗಲ್ಲ ಅಲ್ವಾ. ಮೊದಲು ವಸತಿಯವರ ಜೊತೆಗಿನ ಒಪ್ಪಂದದಲ್ಲಿ ಸಾರಿಗೆ ಭಾಗ ನೋಡಿ. ಜೊತೆಗೆ ಬರುವ ಅಟೆಂಡರ್ ಸೇರಿದ್ದಾರಾ, ಬೇರೆ ದುಡ್ಡಾ, ಒಂದೊಂದು ಕಡೆ ಒಂದೊಂದು ಥರ. ದುಡ್ಡಾದರೂ ಅಟೆಂಡರ್ ಕೇಳಿ. ಆಮೇಲೆ, ವಾಪಸ್ ಟ್ರಿಪ್ಪಿಗೆ ಇಷ್ಟೇ ಗಂಟೆ ಅಂತ ಬರೆಸಬೇಡಿ: ಸುಮಾರು 4 ಗಂಟೆ ಡಯಾಲಿಸಿಸ್ ಆದಮೇಲೂ ಸೂಜಿ ತೆಗೆದ ಜಾಗ ಒತ್ತಿ ಹಿಡಿದು ರಕ್ತ ನಿಲ್ಲಿಸಬೇಕು, ಬಿಪಿ ಇಳಿದು ತಲೆ ಸುತ್ತುವುದೂ ಉಂಟು. ನರ್ಸ್ ಫೋನ್ ಮಾಡಿದ ಮೇಲೆ ವ್ಯಾನ್ ಹೊರಡಲಿ, ಅಲ್ಲಿವರೆಗೆ ಅಮ್ಮ ಯೂನಿಟ್ ಒಳಗೇ ಕೂತಿರಲಿ. ಇಷ್ಟನ್ನೂ ಮ್ಯಾನೇಜರ್‌ಗೆ ವಾಟ್ಸಾಪ್‌ನಲ್ಲಿ ಬರೆದು ಹಾಕಿ, ಸುಮ್ನೆ ಬಾಯಿಮಾತಿಗೆ ಬಿಡಬೇಡಿ.