ಬಾರಿಸದೆ ಬಿಟ್ಟ ಪೆಟ್ಟುಗಳು

ಪತ್ರ: ಮಾನ್ಯ ಸಂಪಾದಕರೇ, ಪ್ರತಿವರ್ಷ ಆಗಸ್ಟ್ 24ರಂದು ನಾವು ಏಳೆಂಟು ಗೆಳೆಯರು ಮಾಳಿಗೆ ಮೇಲೆ ಸೇರಿ, ರೋಲಿಂಗ್ ಸ್ಟೋನ್ಸ್ ತಂಡದ ಡ್ರಮ್ಮರ್ ಚಾರ್ಲಿ ವಾಟ್ಸ್ ನೆನಪಿಗೆ ಅವರ ಹಾಡುಗಳನ್ನು ಕೇಳುತ್ತೇವೆ. ಈ ಸಲ ಓಣಿಯ ಹಿರಿಯರೊಬ್ಬರು, ‘ಲಂಡನ್ನಿನ ಡೋಲಿನವ ಸತ್ತರ ನಿಮಗ್ಯಾಕ್ರೋ ಸೂತಕ? ನಮ್ಮ ಹಲಗಿಯವರು ಸತ್ತಾಗ ಒಂದಿನನಾ ಹಿಂಗ ಕೂತೀರೇನು?’ ಎಂದು ಬೈದರು. ನಮ್ಮೊಳಗೂ ಜಗಳವಿದೆ. ಜಾನ್ ಬಾನಮ್, ನೀಲ್ ಪಿಯರ್ಟ್ ಮುಂದೆ ವಾಟ್ಸ್ ಏನೂ ಅಲ್ಲ, ಸೋಲೋ ಕೂಡ ಬಾರಿಸದವ ಅನ್ನುವವರಿದ್ದಾರೆ. ವಾಟ್ಸ್ ದೊಡ್ಡ ಕಸರತ್ತಿನವರಲ್ಲ ಅಂತ ನನಗೂ ಗೊತ್ತು, ಆದರೆ ಒಳ್ಳೆಯ ಮನುಷ್ಯ. ನಾವು ಮಾಡುತ್ತಿರುವುದು ತಪ್ಪೇ? ಮುಂದಿನ ವರ್ಷ ನಾವೇ ಬಾರಿಸಬೇಕೆಂದಿದ್ದೇವೆ. ನಮ್ಮ ಬಳಿ ಇರುವುದು ಒಂದು ಹಳೆಯ ಡ್ರಮ್ ಸೆಟ್, ಒಂದು ಢೋಲಕ್.
– ಒಬ್ಬ ಓದುಗ, ಕಲಬುರಗಿ

ಸಂಪಾದಕರ ಉತ್ತರ: ಹಿರಿಯರ ಮಾತಿನಲ್ಲಿ ಹುರುಳಿಲ್ಲ ಅನ್ನಲಾಗದು. ಊರಿನ ವಾದ್ಯದವರನ್ನು ಮರೆತವರು ದೂರದವರನ್ನು ನೆನೆದರೆ ಯಾರಿಗಾದರೂ ಚುಚ್ಚುತ್ತದೆ. ಅವರಿಗೆ ಸಲ್ಲಬೇಕಾದ ಅಂಕ ಸಂದಿತು. ಅವರ ಕಡೆ ಆಮೇಲೆ ಬರೋಣ. ಮೊದಲು ತಗಾದೆ ಇರುವುದು ನಿಮ್ಮ ಮೇಲೆ. ‘ಕಸರತ್ತಿನವರಲ್ಲ, ಆದರೆ ಒಳ್ಳೆಯ ಮನುಷ್ಯ’ ಎಂದು ಬರೆದಿದ್ದೀರಲ್ಲ, ಕ್ಷಮೆ ಕೇಳುವ ಈ ಧಾಟಿ ಯಾಕೆ? ಐವತ್ತೆಂಟು ವರ್ಷ ಒಂದೇ ತಂಡದ ಬೆನ್ನಿಗೆ ಕೂತು ಬಾರಿಸಿದವರಿಗೆ ನಡತೆಯ ಸರ್ಟಿಫಿಕೇಟು ಕೊಟ್ಟು ಕಳಿಸುವುದೇ? ಅವರ ಕೈಯಲ್ಲಿ ಏನಿತ್ತು ಅಂತ ಹೇಳಲು ಬಂದರೆ ನಿಮ್ಮ ಮಾಳಿಗೆಯ ಜಗಳ ಅರ್ಧ ತೀರುತ್ತದೆ.

ನಾಲ್ಕು ಮಾತ್ರೆಯ ಸಾದಾ ರಾಕ್ ಲಯದಲ್ಲಿ ಬಲಗೈ ಹೈ-ಹ್ಯಾಟ್ ಎಂಬ ಜೋಡಿ ತಾಳದ ಮೇಲೆ ಎಂಟು ಪೆಟ್ಟು ಕೊಡುತ್ತದೆ. ಎರಡು ಮತ್ತು ನಾಲ್ಕನೆಯ ಮಾತ್ರೆಗೆ ಎಡಗೈ ಸ್ನೇರ್ (ಕೆಳಗೆ ತಂತಿ ಬಿಗಿದ ಚಿಕ್ಕ ಡ್ರಮ್) ಮೇಲೆ ಬೀಳುತ್ತದೆ. ಬಹುಪಾಲು ಡ್ರಮ್ಮರ್‌ಗಳು ಆ ಎರಡು ಕಡೆ ಎರಡೂ ಕೈ ಒಟ್ಟಿಗೆ ಇಳಿಸುತ್ತಾರೆ. ವಾಟ್ಸ್ ಅಲ್ಲಿ ಬಲಗೈ ಎತ್ತಿಬಿಡುತ್ತಿದ್ದರು. ಎಂಟರ ಜಾಗದಲ್ಲಿ ಆರೇ ಪೆಟ್ಟು. ತಾಳದ ಚಿಸ್ ಸದ್ದು ಅಡ್ಡ ಬಾರದ ಕಾರಣ ಸ್ನೇರ್ ಒಂಟಿಯಾಗಿ, ದಪ್ಪವಾಗಿ ಕೇಳುತ್ತದೆ. ಎತ್ತಿದ ಕೈ ವಾಪಸು ಬರುವಾಗ ಮುಂದಿನ ಪೆಟ್ಟು ಕೂದಲೆಳೆಯಷ್ಟು ತೂಗಿ ಬೀಳುತ್ತದೆ. ಸ್ಟೋನ್ಸ್ ಹಾಡುಗಳಲ್ಲಿ ಸೊಂಟ ಅಲುಗಿಸುವ ಆ ಓಲಾಟಕ್ಕೆ ಕೀತ್ ರಿಚರ್ಡ್ಸ್ ಗಿಟಾರ್ ಎಷ್ಟು ಕಾರಣವೋ ಈ ಬಿಟ್ಟ ಎರಡು ಪೆಟ್ಟೂ ಅಷ್ಟೇ ಕಾರಣ.

ಸುಲಭ ಅನಿಸಿದರೆ ಕೂತು ನೋಡಿ. ಲಯ ಎಣಿಸಿಕೊಡುವ ಮೆಟ್ರೊನೋಮನ್ನು ನಿಮಿಷಕ್ಕೆ 60 ಮಾತ್ರೆಗೆ ಇಡಿ. ಮೊದಲು ಬಲಗೈ ಮಾತ್ರ: ಬಾಯಲ್ಲಿ ಎಂಟು ಎಣಿಸುತ್ತ ಆರು ಬಾರಿಸಿ. ಅದು ಕೂತ ಮೇಲೆ ಎಡಗೈ ಸೇರಿಸಿ, ಕಡೆಗೆ ಒಂದು ಮತ್ತು ಮೂರಕ್ಕೆ ಬಲಗಾಲಿನಿಂದ ಬೇಸ್ ಡ್ರಮ್ಮಿನ ಗುದ್ದು. ತಪ್ಪುವುದು ಎರಡು ಕಡೆ. ಕೈಯನ್ನು ಮೊಣಕೈಯಿಂದ ಎತ್ತಿದರೆ ದಾರಿ ಉದ್ದವಾಗಿ ಮುಂದಿನ ಪೆಟ್ಟು ತಡವಾಗುತ್ತದೆ. ಎತ್ತುವುದು ಮಣಿಕಟ್ಟಿನಿಂದ, ನಾಲ್ಕು ಬೆರಳಿನಷ್ಟು ಸಾಕು. ಇನ್ನೊಂದು, ಖಾಲಿ ಬಿಟ್ಟ ಜಾಗ ಕಂಡರೆ ಕಾಲಿಗೆ ತಡೆಯಲಾಗುವುದಿಲ್ಲ, ಅಲ್ಲೊಂದು ಗುದ್ದು ಹಾಕಿಬಿಡುತ್ತದೆ. ಆ ಚಪಲ ಹೋಗುವವರೆಗೆ ವೇಗ ಏರಿಸಬೇಡಿ. ವಾಟ್ಸ್ ಎಡಗೈಯ ಕಡ್ಡಿಯನ್ನು ಜಾಝ್‌ನವರಂತೆ ಅಂಗೈ ಮೇಲ್ಮುಖ ಮಾಡಿ ಹಿಡಿಯುತ್ತಿದ್ದರು. ನೀವು ಅದನ್ನೂ ಒಟ್ಟಿಗೇ ಕಲಿಯಲು ಹೋದರೆ ಎರಡೂ ಕೆಡುತ್ತವೆ.

ಬಾನಮ್, ಪಿಯರ್ಟ್ ವಿಷಯ. ಇಬ್ಬರೂ ದೊಡ್ಡವರು, ಕೈ ಮುಗಿಯೋಣ. ಬಾನಮ್ 26 ಇಂಚಿನ ಬೇಸ್ ಡ್ರಮ್ ಇಟ್ಟುಕೊಂಡು ಹಳೆ ಬಂಗಲೆಯೊಂದರ ಮೆಟ್ಟಿಲಸಾಲಿನ ಕೆಳಗೆ ಬಾರಿಸಿ, ಮೇಲಿನಿಂದ ಎರಡೇ ಮೈಕು ಇಳಿಬಿಟ್ಟು ಹಿಡಿದ ಸದ್ದನ್ನು ಇವತ್ತಿಗೂ ಜನ ಹುಡುಕುತ್ತಾರೆ. 1980ರ ಸೆಪ್ಟೆಂಬರ್ 25ರಂದು, 32ನೇ ವಯಸ್ಸಿಗೆ ತೀರಿಕೊಂಡರು. ಇವರಿಲ್ಲದೆ ಆಗದು ಎಂದು ಅವರ ತಂಡ ಲೆಡ್ ಝೆಪ್ಪೆಲಿನ್ ಆ ವರ್ಷವೇ ಅಂಗಡಿ ಮುಚ್ಚಿತು. ರಶ್ ತಂಡದ ಪಿಯರ್ಟ್ ಡ್ರಮ್ ಬಾರಿಸಿದ್ದಲ್ಲದೆ ಹಾಡುಗಳನ್ನೂ ಬರೆದವರು. ತೀರಿಕೊಂಡದ್ದು 2020ರ ಜನವರಿ 7ರಂದು. ಇಂಥವರನ್ನು ಮೆಚ್ಚಲು ಹೆಚ್ಚು ಕಷ್ಟಪಡಬೇಕಿಲ್ಲ, ಅವರ ವಿದ್ಯೆ ಎದುರಿಗೇ ಕಾಣುತ್ತದೆ. ವಾಟ್ಸ್ ವಿದ್ಯೆ ಕಾಣುವುದಲ್ಲ, ಕೇಳಿ ಕಂಡುಕೊಳ್ಳುವುದು.

1963ರ ಜನವರಿಯಲ್ಲಿ ಸ್ಟೋನ್ಸ್ ಸೇರುವ ಮುಂಚೆ ಅವರು ಜಾಹೀರಾತು ಕಂಪನಿಯಲ್ಲಿ ಚಿತ್ರ ಬಿಡಿಸುತ್ತಿದ್ದರು. ಹುಡುಗನಾಗಿದ್ದಾಗ ಕೊಂಡ ಬ್ಯಾಂಜೋ ಕೈಗೆ ಹತ್ತಲಿಲ್ಲವೆಂದು ಅದರ ಕತ್ತು ಬಿಚ್ಚಿ, ಉಳಿದ ದುಂಡನೆಯ ಭಾಗವನ್ನೇ ಸ್ನೇರ್ ಮಾಡಿಕೊಂಡು ತಂತಿಯ ಬ್ರಷ್‌ನಿಂದ ಬಾರಿಸಿದವರು. ತಂಡದ ಹೆಸರು ಕ್ರೀಡಾಂಗಣ ತುಂಬಿದಾಗಲೂ ಅವರ ಮುಂದೆ ಇದ್ದದ್ದು ನಾಲ್ಕೇ ಡ್ರಮ್: ಹಳೆಯ ಗ್ರೆಟ್ಶ್ ಕಂಪನಿಯ 22 ಇಂಚಿನ ಬೇಸ್, 12 ಮತ್ತು 16ರ ಎರಡು ಟಾಮ್, ಜೊತೆಗೆ 14ರ ಸ್ನೇರ್. ಇನ್ನೂ ಚಿಕ್ಕದರಲ್ಲೂ ಕೆಲಸ ತೆಗೆದಿದ್ದಾರೆ. 1968ರ ‘ಸ್ಟ್ರೀಟ್ ಫೈಟಿಂಗ್ ಮ್ಯಾನ್’ ಹಾಡಿಗೆ ಪುಟ್ಟ ಸೂಟ್‌ಕೇಸಿನಲ್ಲಿ ಹಿಡಿಯುವ, 1930ರ ದಶಕದ ಅಭ್ಯಾಸದ ಡ್ರಮ್ ಸೆಟ್ ಬಾರಿಸಿದರು. ರಿಚರ್ಡ್ಸ್ ಅದನ್ನು ಹಿಡಿದದ್ದು ಸಾದಾ ಕ್ಯಾಸೆಟ್ ರೆಕಾರ್ಡರ್‌ನಲ್ಲಿ. ಅದೇ ಹಾಡಿನಲ್ಲಿ ತಂಬೂರಿ ಇದೆ, ಶಹನಾಯಿಯೂ ಇದೆ. ನಿಮ್ಮ ಓಣಿಯ ಹಿರಿಯರಿಗೆ ಕೇಳಿಸಿ ನೋಡಿ.

ಇನ್ನೊಂದು ಸಂಗತಿ ನಮ್ಮ ಭಾಗದವರಿಗೆ ಬೇಗ ತಿಳಿಯುತ್ತದೆ. ರಾಕ್‌ನಲ್ಲಿ ಸಾಮಾನ್ಯವಾಗಿ ಡ್ರಮ್ ಮುಂದೆ ನಡೆಯುತ್ತದೆ, ಉಳಿದವರು ಅದರ ಬೆನ್ನು ಹತ್ತುತ್ತಾರೆ. ಸ್ಟೋನ್ಸ್‌ನಲ್ಲಿ ವಾಟ್ಸ್ ರಿಚರ್ಡ್ಸ್ ಗಿಟಾರಿನ ಬೆನ್ನು ಹತ್ತುತ್ತಿದ್ದರು. ಗಿಟಾರ್ ಒಂದು ಸಾಲನ್ನು ಎಳೆದರೆ ಡ್ರಮ್ ಕಾಯುತ್ತದೆ. ಇದು ಹೊಸದೇ? ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡುವ ಮೇಳದಲ್ಲಿ ಕೂತು ಕೇಳಿ. ಹಾಡುವವರು ಪಲ್ಲವಿಯ ಕೊನೆಗೆ ದನಿ ಎಳೆದು ನಿಂತಾಗ ದಮ್ಮಡಿಯವರು ಪೆಟ್ಟನ್ನು ಬೆರಳ ತುದಿಯಲ್ಲೇ ಹಿಡಿದು, ಸಾಲು ಇಳಿದ ಮೇಲೆ ಬಿಡುತ್ತಾರೆ. ಹಿಂದೂಸ್ತಾನಿಯ ನಿಧಾನಗತಿಯ ವಿಲಂಬಿತ ಖಯಾಲಿನಲ್ಲಿ ಠೇಕಾ, ಅಂದರೆ ತಾಳದ ಮೂಲ ಪೆಟ್ಟುಗಳನ್ನು ಬಿಟ್ಟು ಆಚೆ ಹೋಗದ ತಬಲಾದವರದೂ ಇದೇ ಸಂಯಮ. ಖ್ವಾಜಾ ಬಂದೇನವಾಜರ ಉರುಸಿನ ಕವ್ವಾಲಿಯಲ್ಲಿ ಢೋಲಕ್‌ನವರು ಚಪ್ಪಾಳೆಗೆ ಜಾಗ ಬಿಡುವುದನ್ನು ಕಲಬುರಗಿಯವರಿಗೆ ಹೊಸದಾಗಿ ಹೇಳಬೇಕಿಲ್ಲ. ವಾಟ್ಸ್ ಬಾರಿಸುವುದನ್ನು ಕೇಳಿ ಮೆಚ್ಚುವ ಕಿವಿ ನಿಮಗೆ ಎಲ್ಲಿಂದ ಬಂತು ಅಂದುಕೊಂಡಿರಿ?

ಮೆಚ್ಚಿದ ಡ್ರಮ್ಮರ್‌ಗಳನ್ನು ನೆನೆಯುವುದು ವಾಟ್ಸ್ ಅವರದೇ ಪದ್ಧತಿ ಕೂಡ. 2000ದಲ್ಲಿ ಜಿಮ್ ಕೆಲ್ಟ್ನರ್ ಎಂಬ ಇನ್ನೊಬ್ಬ ಡ್ರಮ್ಮರ್ ಜೊತೆ ಅವರು ತಂದ ಆಲ್ಬಮ್ಮಿನಲ್ಲಿ ಒಂದೊಂದು ತುಣುಕಿಗೂ ಒಬ್ಬೊಬ್ಬ ಡ್ರಮ್ಮರ್ ಹೆಸರು: ಕೆನ್ನಿ ಕ್ಲಾರ್ಕ್, ಆರ್ಟ್ ಬ್ಲೇಕಿ, ಮ್ಯಾಕ್ಸ್ ರೋಚ್, ಎಲ್ವಿನ್ ಜೋನ್ಸ್. ಆ ಪೀಳಿಗೆಯವರು ಬಾರಿಸಿದ ಹಳೆಯ ಡ್ರಮ್‌ಗಳನ್ನು ಹುಡುಕಿ ಕೊಂಡು ಮನೆಯಲ್ಲಿ ಇಟ್ಟುಕೊಂಡಿದ್ದರು. 2021ರ ಆಗಸ್ಟ್ 24ರಂದು, 80ನೇ ವಯಸ್ಸಿನಲ್ಲಿ ಅವರೇ ಹೋದಾಗ, ಮುಂದಿನ ತಿಂಗಳು 26ರಂದು ಸೇಂಟ್ ಲೂಯಿಸ್‌ನಲ್ಲಿ ತಂಡ ಕಚೇರಿ ಶುರುಮಾಡಿದ್ದು ಖಾಲಿ ವೇದಿಕೆಯಿಂದ. ಬರೀ ಡ್ರಮ್ಮಿನ ಸದ್ದು, ಪರದೆ ಮೇಲೆ ಅವರ ಚಿತ್ರಗಳು. ಅಲ್ಲಿಂದ ಅವರ ಜಾಗದಲ್ಲಿ ಕೂತವರು ಸ್ಟೀವ್ ಜೋರ್ಡನ್.

ಈಗ ಹಿರಿಯರ ಕಡೆ. ‘ನಮ್ಮ ಹಲಗಿಯವರು’ ಅಂದರಲ್ಲ, ಯಾವ ನಮ್ಮವರು? ಯಾದಗಿರಿ, ಜೇವರ್ಗಿ ಕಡೆಯ ಹಳ್ಳಿಗಳಲ್ಲಿ ಮೊಹರಂಗೆ ಹಲಗಿ ಬೇಕು, ಜಾತ್ರಿಗೆ ಬೇಕು, ಹೆಣದ ಮುಂದೆ ಬೇಕು. ಬಾರಿಸಿದವರಿಗೆ ಗುಡಿಯ ಹೊಸ್ತಿಲು ಬೇಡ, ಪಂಕ್ತಿ ಬೇಡ. ಬಿಟ್ಟಿ ಚಾಕರಿಯಾಗಿ ಹಲಗಿ ಬಾರಿಸುವುದಿಲ್ಲ ಎಂದು ದಲಿತ ಚಳವಳಿಯವರು ಹೇಳಿದ್ದು ವಾದ್ಯದ ಮೇಲಿನ ಸಿಟ್ಟಿನಿಂದಲ್ಲ. ಹಾಗಾಗಿ ‘ನಮ್ಮವರನ್ನು ನೆನೀರಿ’ ಎಂದು ಹುಡುಗರಿಗೆ ಬುದ್ಧಿ ಹೇಳುವವರು, ತಮ್ಮ ಊರಲ್ಲಿ ಹಲಗಿ ಬಾರಿಸಿ ಸತ್ತ ಒಬ್ಬರ ಪೂರ್ತಿ ಹೆಸರನ್ನು ಮೊದಲು ಹೇಳಲಿ. ಲಂಡನ್ನಿನವರ ಹುಟ್ಟಿದ ತಾರೀಕು ನಿಮಗೆ ಗೊತ್ತಿದ್ದರೆ ಅದು ನಿಮ್ಮ ತಪ್ಪಲ್ಲ. ಇಲ್ಲಿಯವರದು ಯಾರೂ ಬರೆದಿಡದಿದ್ದರೆ ಅದು ನಿಮ್ಮೊಬ್ಬರ ತಪ್ಪೂ ಅಲ್ಲ.

ನಮ್ಮ ಆಮಂತ್ರಣ ಪತ್ರಿಕೆಗಳನ್ನೇ ನೋಡಿ. ಉದ್ಘಾಟಕರು, ಅಧ್ಯಕ್ಷರು, ಘನ ಉಪಸ್ಥಿತಿ, ಜ್ಯೋತಿ ಬೆಳಗಿಸುವವರು, ಗೌರವ ಉಪಸ್ಥಿತಿ, ಎಲ್ಲರಿಗೂ ಬಣ್ಣದ ಫೋಟೊ. ಗಾಯಕರ ಹೆಸರು ಅದರ ಕೆಳಗೆ. ಮೂರು ತಾಸು ಬೆನ್ನು ಬಗ್ಗಿಸಿ ಬಾರಿಸುವವರು ‘ಮತ್ತು ಸಂಗಡಿಗರು’. ಕಲಬುರಗಿ, ಬೀದರ, ಯಾದಗಿರಿ ಮೂರರಲ್ಲೂ ಈ ಚಾಳಿ ಒಂದೇ. ವೇದಿಕೆ ಮೇಲಿನ ಶಾಲು ಹಾರದ ಲೆಕ್ಕ ತಪ್ಪುವುದಿಲ್ಲ. ತಬಲಾದವರಿಗೆ ಬಸ್ ಖರ್ಚು ಸಿಕ್ಕಿತೇ ಎಂದು ಕೇಳುವವರಿಲ್ಲ.

ಹೊರಗಿನವರೇನು ಮೇಲು ಎಂದಲ್ಲ. ಸ್ಟೋನ್ಸ್ ಕಟ್ಟಿದವರಲ್ಲೇ ಒಬ್ಬರಾದ ಪಿಯಾನೊ ವಾದಕ ಇಯನ್ ಸ್ಟೀವರ್ಟ್ ಅವರನ್ನು 1963ರಲ್ಲಿ ಮ್ಯಾನೇಜರ್, ಮುಖ ಹೊಂದುವುದಿಲ್ಲ, ಆರು ಜನ ಹೆಚ್ಚಾಯಿತು ಎಂದು ಫೋಟೊದಿಂದ ಹೊರಗಿಟ್ಟರು. ಅವರು ಅದೇ ತಂಡದ ಸಾಮಾನು ಸಾಗಿಸುತ್ತ, ಬದಿಯಲ್ಲಿ ಕೂತು ಪಿಯಾನೊ ಬಾರಿಸುತ್ತ 1985ರಲ್ಲಿ ಸಾಯುವವರೆಗೆ ಇದ್ದರು. ಅಮೆರಿಕದ ಗಾಯಕ ಜೇಮ್ಸ್ ಬ್ರೌನ್ ತಂಡದ ಡ್ರಮ್ಮರ್ ಕ್ಲೈಡ್ ಸ್ಟಬಲ್‌ಫೀಲ್ಡ್ 1969ರಲ್ಲಿ ಬಾರಿಸಿದ ಕೆಲವೇ ಸೆಕೆಂಡಿನ ಡ್ರಮ್ ತುಣುಕನ್ನು ಕತ್ತರಿಸಿ ಮುಂದೆ ನೂರಾರು ಹಿಪ್-ಹಾಪ್ ಹಾಡುಗಳಿಗೆ ಅಂಟಿಸಿಕೊಂಡರು. ಹಾಡಿನ ಹಕ್ಕು ರಾಗ, ಮಾತು ಕಟ್ಟಿದವರಿಗೆ. ಲಯ ಕೊಟ್ಟವರಿಗೆ ಆ ಪಾಲಿಲ್ಲ. 2017ರಲ್ಲಿ ಅವರು ತೀರಿಕೊಂಡಾಗ ಅವರ ಪೆಟ್ಟಿಗೆ ಕುಣಿದ ಬಹಳಷ್ಟು ಮಂದಿಗೆ ಅವರ ಹೆಸರೇ ಗೊತ್ತಿರಲಿಲ್ಲ. ಇಲ್ಲಿ ಈಗ ಮೆರವಣಿಗೆಗೆ ಟ್ರಾಕ್ಟರ್ ಮೇಲಿನ ಡಿಜೆ ಬಂದಿದೆ. ಅದರಿಂದ ಹೊರಡುವ ಡೊಳ್ಳಿನ ಸದ್ದನ್ನು ಯಾರೋ ಎಲ್ಲೋ ಒಮ್ಮೆ ಬಾರಿಸಿ ಹೋಗಿದ್ದಾರೆ. ಎದುರಿಗಿರುವ ಡೊಳ್ಳಿನವರಿಗೆ ಕೆಲಸವಿಲ್ಲ.

ಸಿಟ್ಟು ಸಾಕು. ಮುಂದಿನ ವರ್ಷದ ತಯಾರಿಗೆ ಬರೋಣ.

ಹಾಡನ್ನು ಮೊಬೈಲಿನ ಸ್ಪೀಕರಿನಲ್ಲಿ ಕೇಳಬೇಡಿ. 22 ಇಂಚಿನ ಬೇಸ್ ಡ್ರಮ್ಮಿನ ಗುದ್ದು ಇರುವುದು ಸುಮಾರು 50ರಿಂದ 80 ಹರ್ಟ್ಸ್ ಆಸುಪಾಸು. ಆ ಪುಟ್ಟ ಸ್ಪೀಕರಿಗೆ ಅದನ್ನು ಹೊರಡಿಸುವ ಶಕ್ತಿ ಇಲ್ಲ. ಕೇಳುವುದು ತಾಳದ ಸದ್ದು ಮಾತ್ರ, ಆಮೇಲೆ ‘ವಾಟ್ಸ್ ಏನು ಬಾರಿಸಿದರು’ ಎಂಬ ಜಗಳ. ಕಿವಿ ಮುಚ್ಚುವ ಹೆಡ್‌ಫೋನ್ ಇರಲಿ. 1960ರ ದಶಕದ ಹಲವು ಸ್ಟೀರಿಯೊ ಮುದ್ರಣಗಳಲ್ಲಿ ವಾದ್ಯಗಳನ್ನು ಒಂದೊಂದು ಬದಿಗೆ ತಳ್ಳಿರುತ್ತಾರೆ. ಒಂದು ಕಿವಿಯದನ್ನು ತೆಗೆದು ನೋಡಿದರೆ ಕೆಲವೊಮ್ಮೆ ಡ್ರಮ್ ಬಿಡಿಯಾಗಿ ಸಿಗುತ್ತದೆ. 1969ರ ‘ಹಾಂಕಿ ಟಾಂಕ್ ವಿಮೆನ್’ನಿಂದ ಶುರುಮಾಡಿ. ಮೊದಲು ಕೇಳುವ ಗಂಟೆ ನಿರ್ಮಾಪಕ ಜಿಮ್ಮಿ ಮಿಲ್ಲರ್ ಅವರದು, ಅದರ ಹಿಂದೆ ಬರುವವರು ವಾಟ್ಸ್. ಹಾಡು ಮುಗಿಯುವ ಹೊತ್ತಿಗೆ ಓಟ ಮೊದಲಿಗಿಂತ ಚುರುಕಾಗಿರುತ್ತದೆ; ಯಾರೂ ಅದನ್ನು ತಿದ್ದಲು ಹೋಗಲಿಲ್ಲ, ಒಳ್ಳೆಯದಾಯಿತು.

ಹಳೆಯ ಸೆಟ್ಟಿನ ಸ್ನೇರ್ ಮೊದಲು ಸರಿಮಾಡಿ. ಮೇಲಿನ ಹಾಳೆ ಬಿಚ್ಚಿ, ಮರದ ಅಂಚನ್ನು ಒಣ ಬಟ್ಟೆಯಿಂದ ಒರೆಸಿ. ವಾಡಿ, ಶಹಾಬಾದ್ ಕಡೆಯ ಸಿಮೆಂಟು, ಕಲ್ಲಿನ ಧೂಳು ಅಂಚಿನಲ್ಲಿ ಕೂತರೆ ಹಾಳೆ ಸಮನಾಗಿ ಕೂರದೆ ಗರಗರ ಅನ್ನುತ್ತದೆ. ಬೋಲ್ಟುಗಳಿಗೆ ಒಂದೊಂದು ಹನಿ ಹೊಲಿಗೆ ಮಶೀನಿನ ಎಣ್ಣೆ. ಎಲ್ಲವನ್ನೂ ಮೊದಲು ಬೆರಳಿನಿಂದಲೇ ತಿರುಗಿಸಿ ಕೂಡಿಸಿ, ಆಮೇಲೆ ಕೀಲಿಯಿಂದ ಎದುರುಬದುರಿನ ಜೋಡಿಗಳಿಗೆ ಅರ್ಧ ಸುತ್ತು. ಪಕ್ಕಪಕ್ಕದ್ದನ್ನು ತಿರುಗಿಸುತ್ತ ಹೋದರೆ ಹಾಳೆ ಒಂದು ಬದಿಗೆ ಎಳೆದು ಸುಕ್ಕು ಬೀಳುತ್ತದೆ. ಅಂಗೈಯಿಂದ ನಡುವೆ ಎರಡು ಸಲ ಒತ್ತಿ, ಮತ್ತೆ ಕಾಲು ಕಾಲು ಸುತ್ತು. ಪ್ರತಿ ಬೋಲ್ಟಿನಿಂದ ಒಂದಿಂಚು ಒಳಗೆ ಕಡ್ಡಿ ತುದಿ ತಾಗಿಸಿ ಸ್ವರ ಹೊಂದಿಸಿ. ಕೆಳಗಿನ ಹಾಳೆ ಬಹಳ ತೆಳು, ಅದನ್ನು ಅಂಗೈಯಿಂದ ಒತ್ತಬೇಡಿ. ತಂತಿಗಳನ್ನು ಅತಿಯಾಗಿ ಬಿಗಿದರೆ ಮೆಲ್ಲನೆ ಬಾರಿಸಿದಾಗ ಸ್ನೇರ್ ಮಾತಾಡುವುದಿಲ್ಲ.

ಢೋಲಕ್ ಬೇರೆ ಮಾತು. ಆಗಸ್ಟ್ ಮಳೆಗಾಲ, ಚರ್ಮ ತಂಪು ಹೀರಿ ಸಡಿಲಾಗುತ್ತದೆ. ಬಿಸಿಲು ಬಿದ್ದಾಗ ಹತ್ತು ನಿಮಿಷ ಇಡಿ. ಹಲಗಿಯವರು ಉರಿಗೆ ಹಿಡಿಯುತ್ತಾರೆಂದು ನೀವು ಗ್ಯಾಸ್ ಒಲೆಗೆ ಹಿಡಿಯಬೇಡಿ: ಢೋಲಕ್‌ನ ಎಡಬದಿಯ ಚರ್ಮದ ಒಳಗೆ ಹಚ್ಚಿದ ಮಸಾಲೆ ಕರಗಿ ಜಾರಿದರೆ ಗುಂಕಿ ಹೋಯಿತು. ನಟ್-ಬೋಲ್ಟಿನ ಢೋಲಕ್ ಆದರೆ ತಂಪಿನಲ್ಲಿ ಬಿಗಿದದ್ದನ್ನು ಆ ರಾತ್ರಿಯೇ ಸಡಿಲಿಸಿಡಿ. ಹಾಗೇ ಬಿಟ್ಟರೆ ಗಾಳಿ ಒಣಗಿದ ದಿನ ಚರ್ಮ ಅಂಚಿನಲ್ಲಿ ಸೀಳುತ್ತದೆ.

ಮಾಳಿಗೆ ಮೇಲೆ ಬಾರಿಸುವುದಾದರೆ ಕಡ್ಡಿಗಿಂತ ಬ್ರಷ್ ಲೇಸು, ವಾಟ್ಸ್ ಕಲಿತದ್ದೂ ಅದರಲ್ಲೇ. ಸಿಗದಿದ್ದರೆ ಮೂರು ಮಿಲಿಮೀಟರ್ ದಪ್ಪದ ಬಿದಿರು ಕಡ್ಡಿ ಹತ್ತೊಂಬತ್ತು ತೆಗೆದುಕೊಂಡು ಹದಿನಾರು ಇಂಚಿಗೆ ಕತ್ತರಿಸಿ ಕಟ್ಟಿ. ಹಿಡಿಯುವ ಆರಿಂಚಿಗೆ ಬಟ್ಟೆಯ ಟೇಪ್ ಸುತ್ತಿ, ತುದಿಯಿಂದ ಐದಿಂಚು ಬಿಟ್ಟು ಇನ್ನೊಂದು ಸುತ್ತು ಹಾಕಿ. ಈ ಎರಡನೇ ಸುತ್ತನ್ನು ತುದಿಯ ಕಡೆ ಜರುಗಿಸಿದರೆ ಸದ್ದು ಗಟ್ಟಿ, ಹಿಂದೆ ಜರುಗಿಸಿದರೆ ಮೆತ್ತಗೆ. ಟೇಪ್ ಸಡಿಲಾದರೆ ಕಡ್ಡಿ ಬಿಡಿಸಿಕೊಂಡು ಹಾಳೆಗೆ ಚುಚ್ಚುತ್ತದೆ, ಹಾಡಿಗೊಮ್ಮೆ ನೋಡಿಕೊಳ್ಳಿ.