ಅಫ್ಘಾನ್ ಸಿಖ್ಖರನ್ನು ಯುರೋಪಿನಿಂದ ಕಾಬೂಲಿಗೆ ಮರಳಿಸಿದರೆ ಏನು ಅಪಾಯ?

ಜರ್ಮನಿಯಲ್ಲಿ ನಿಮ್ಮೊಡನೆ ಕೆಲಸ ಮಾಡುವ ಅಫ್ಘಾನ್ ಸಿಖ್ ಗೆಳೆಯರ ಆಶ್ರಯದ ಅರ್ಜಿ ತಿರಸ್ಕಾರವಾಗಿದೆ. ಅಫ್ಘಾನಿಸ್ತಾನದಲ್ಲೀಗ ಯುದ್ಧ ನಿಂತಿದೆ, ತಾಲಿಬಾನ್ ರಕ್ಷಣೆಯ ಮಾತನ್ನೂ ಕೊಟ್ಟಿದೆ, ಹಾಗಿರುವಾಗ ಮರಳಿದರೆ ಅಪಾಯವೇನು ಎಂದು ಕೇಳಿದ್ದೀರಿ. ಅಪಾಯವಿದೆ, ಅದೂ ದೊಡ್ಡದು. ನಾನು ವಕೀಲೆಯಲ್ಲ. ದೆಹಲಿಯ ತಿಲಕ್ ನಗರದಲ್ಲಿ ಒಂಬತ್ತು ವರ್ಷ ಬಾಡಿಗೆಗಿದ್ದವಳು. ಕೆಳಗಿನ ಮಹಡಿಯಲ್ಲಿ ಅಫ್ಘಾನಿಸ್ತಾನದ ಜಲಾಲಾಬಾದಿನಿಂದ ಬಂದ ಸಿಖ್ ಕುಟುಂಬವಿತ್ತು. ಅವರನ್ನು ಹತ್ತಿರದಿಂದ ಕಂಡ ಮೇಲೆ ಈ ವಿಷಯದಲ್ಲಿ ಸುಮ್ಮನಿರಲು ನನ್ನಿಂದ ಆಗುವುದಿಲ್ಲ.

ಮೊದಲು ಎಲ್ಲರಿಗೂ ಕಾಣುವ ಅಪಾಯ. 2018ರ ಜುಲೈ 1ರಂದು ಜಲಾಲಾಬಾದಿನಲ್ಲಿ ಅಧ್ಯಕ್ಷ ಅಶ್ರಫ್ ಘನಿಯವರನ್ನು ಕಾಣಲು ಹೊರಟಿದ್ದ ಸಿಖ್ಖರ ಮತ್ತು ಹಿಂದೂಗಳ ತಂಡದ ಮೇಲೆ ಆತ್ಮಾಹುತಿ ದಾಳಿಯಾಯಿತು. ಸಂಸತ್ತಿನ ಮೀಸಲು ಸ್ಥಾನಕ್ಕೆ ನಿಂತಿದ್ದ ಅವತಾರ್ ಸಿಂಗ್ ಖಾಲ್ಸಾ ಅಲ್ಲಿಯೇ ತೀರಿಕೊಂಡರು. 2020ರ ಮಾರ್ಚ್ 25ರಂದು ಕಾಬೂಲಿನ ಶೋರ್ ಬಜಾರಿನ ಗುರುದ್ವಾರಕ್ಕೆ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಬಂದೂಕುಧಾರಿಗಳು ನುಗ್ಗಿದರು. 25 ಜೀವಗಳು ಹೋದವು. ಮರುದಿನ ಅವರ ಅಂತ್ಯಕ್ರಿಯೆ ನಡೆಯುತ್ತಿದ್ದ ಜಾಗದ ಬಳಿಯೂ ಬಾಂಬು ಸಿಡಿಯಿತು. 2022ರ ಜೂನ್ 18ರಂದು ಕಾರ್ತೆ ಪರ್ವಾನ್ ಗುರುದ್ವಾರದ ಮೇಲೆ ದಾಳಿಯಾದಾಗ ಅಧಿಕಾರದಲ್ಲಿದ್ದದ್ದು ತಾಲಿಬಾನ್. ಈ ಮೂರಕ್ಕೂ ಹೊಣೆ ಹೊತ್ತದ್ದು ಇಸ್ಲಾಮಿಕ್ ಸ್ಟೇಟ್. ಮಾತು ಕೊಟ್ಟವರು ಒಬ್ಬರು, ಕೊಲ್ಲಲು ಬರುವವರು ಇನ್ನೊಬ್ಬರು. ಮಾತು ಕೊಟ್ಟವರ ಕೈಯಲ್ಲಿ ಇದನ್ನು ತಡೆಯಲಾಗಿಲ್ಲ.

ಆದರೆ ಬಾಂಬಿನ ಲೆಕ್ಕವನ್ನಷ್ಟೇ ಹಿಡಿದರೆ ಅಧಿಕಾರಿಗಳು ‘ಈಗ ದಾಳಿಗಳು ಕಡಿಮೆಯಾಗಿವೆ’ ಎಂದು ಕಡತ ಮುಚ್ಚಿಬಿಡುತ್ತಾರೆ. ಅವರಿಗೆ ಕಾಣದಿರುವುದು ಬೇರೆ: ಮರಳಿ ಹೋಗಲು ಅಲ್ಲಿ ಸಿಖ್ ಸಮುದಾಯವೇ ಉಳಿದಿಲ್ಲ. ನಾಲ್ಕೈದು ದಶಕಗಳ ಹಿಂದೆ ಆ ದೇಶದಲ್ಲಿ ಸಿಖ್ಖರು ಮತ್ತು ಹಿಂದೂಗಳು ಸೇರಿ ಲಕ್ಷಕ್ಕೂ ಹೆಚ್ಚು ಮಂದಿಯಿದ್ದರು ಎಂಬ ಅಂದಾಜಿದೆ. ಬಟ್ಟೆ ವ್ಯಾಪಾರ, ಹಣ ವಿನಿಮಯ, ಗಿಡಮೂಲಿಕೆಯ ಅಂಗಡಿ, ಎಲ್ಲ ಕಡೆಯೂ ಅವರಿದ್ದರು. ಇಂದು ಉಳಿದವರು ಬೆರಳೆಣಿಕೆಯಷ್ಟು. ತಾಲಿಬಾನ್ ಮರಳಿ ಅಧಿಕಾರಕ್ಕೆ ಬಂದ 2021ರ ಆಗಸ್ಟಿನಲ್ಲಿ, ಸಿಖ್ಖರು ಗುರುವೆಂದೇ ಕಾಣುವ ಧರ್ಮಗ್ರಂಥ ಗುರು ಗ್ರಂಥ ಸಾಹಿಬ್‌ನ ಮೂರು ಪ್ರತಿಗಳನ್ನು ತಲೆಯ ಮೇಲೆ ಹೊತ್ತು ದೆಹಲಿಗೆ ತಂದ ದಿನ ನಮ್ಮ ಕೆಳಮನೆಯ ಹಿರಿಯರು ಊಟ ಮಾಡಲಿಲ್ಲ. ‘ಗುರುವೇ ಹೊರಟು ಬಂದರಲ್ಲ ಬೇಟಿ’ ಎಂದು ಅಷ್ಟೇ ಹೇಳಿದರು.

ಸಿಖ್ಖರ ಧರ್ಮಾಚರಣೆ ಸಂಗತ್, ಅಂದರೆ ಭಕ್ತರ ಕೂಟ, ಇಲ್ಲದೆ ನಡೆಯುವುದಿಲ್ಲ: ಕೂಡಿ ಹಾಡಬೇಕು, ಕೂಡಿ ಉಣ್ಣಬೇಕು. ಸತ್ತಾಗ ಹೆಣ ಹೊರಲು ನಾಲ್ಕು ಜನ ಬೇಕು. ಕಾಬೂಲಿನ ಕಲಾಚಾದ ಸ್ಮಶಾನದಲ್ಲಿ ಶವ ಸುಡಲು ಸ್ಥಳೀಯರು ಬಿಡದೆ ಕಲ್ಲು ಎಸೆಯುತ್ತಿದ್ದರು. ಪೊಲೀಸರ ಕಾವಲಿನಲ್ಲಿ ಚಿತೆ ಹೊತ್ತಿಸಬೇಕಾಗುತ್ತಿತ್ತು. ಇದು ತಾಲಿಬಾನ್ ಮರಳುವ ಮೊದಲೇ, ಸಾವಿರಾರು ಸಿಖ್ಖರಿದ್ದ ಕಾಲದ ಮಾತು. ಶಾಲೆಯಲ್ಲಿ ಮಕ್ಕಳ ಕೂದಲು ಹಿಡಿದೆಳೆದು ಕಾಫಿರ್ ಎನ್ನುತ್ತಿದ್ದರಂತೆ, ಹಾಗಾಗಿ ಗುರುದ್ವಾರದೊಳಗೇ ಪಾಠ ಕಲಿತೆ ಎಂದು ಆ ಮನೆಯ ಸೊಸೆ ಹೇಳುತ್ತಿದ್ದಳು. ಈಗ ಆರನೇ ತರಗತಿಯ ನಂತರ ಯಾವ ಹುಡುಗಿಗೂ ಶಾಲೆಯಿಲ್ಲ. ನಿಮ್ಮ ಗೆಳೆಯರಿಗೆ ಹೆಣ್ಣು ಮಕ್ಕಳಿದ್ದರೆ ಇದನ್ನು ಮರೆಯಬೇಡಿ. ಕಬಳಿಕೆಯಾದ ಮನೆ, ಜಮೀನುಗಳನ್ನು ಸಿಖ್ಖರಿಗೂ ಹಿಂದೂಗಳಿಗೂ ಮರಳಿಸುತ್ತೇವೆ ಎಂದು ತಾಲಿಬಾನ್ ಸರ್ಕಾರ 2024ರಲ್ಲಿ ಹೇಳಿದೆ, ನಿಜ. ಆದರೆ ವರ್ಷಗಟ್ಟಲೆ ಮನೆಯಲ್ಲಿ ಕುಳಿತಿರುವವನನ್ನು ಎಬ್ಬಿಸಲು ಒಂಟಿ ಪೇಟಧಾರಿ ಹೋದರೆ ಅವನ ಬೆನ್ನಿಗೆ ನಿಲ್ಲುವವರು ಯಾರು? ಯುರೋಪಿನಿಂದ ಬಂದವನ ಬಳಿ ದುಡ್ಡಿದೆ ಎಂಬ ಊಹೆ ಬೇರೆ. ಅಪಹರಣದ ಭಯ ಆ ಸಮುದಾಯಕ್ಕೆ ಹಳೆಯದು.

‘ಹಾಗಾದರೆ ಭಾರತಕ್ಕೆ ಹೋಗಲಿ’ ಎಂಬ ಮಾತನ್ನೂ ಅಧಿಕಾರಿಗಳು ಆಡುತ್ತಾರೆ. ಮನೆಯಲ್ಲಿ ಪಂಜಾಬಿ ಮಾತನಾಡುತ್ತಾರೆಂಬ ಕಾರಣಕ್ಕೆ, ಇವರು ಭಾರತದವರೇ ಇರಬೇಕು ಎಂದು ಅನುಮಾನಿಸುವುದೂ ಉಂಟು. ಕೆಳಮನೆಯ ಹಿರಿಯರು ತಮ್ಮ ತಜ್ಕಿರಾವನ್ನು, ಅಂದರೆ ಅಫ್ಘಾನ್ ಗುರುತಿನ ಪತ್ರವನ್ನು, ಔಷಧಿ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಹಾಸಿಗೆಯಡಿ ಇಟ್ಟಿದ್ದರು. ಮಡಿಕೆಯ ಗೆರೆಗಳಲ್ಲಿ ಅಕ್ಷರ ಅಳಿಸಿಹೋಗಿತ್ತು. ಅದೊಂದು ಕಳೆದರೆ ತಾನು ಯಾವ ದೇಶದವನೂ ಅಲ್ಲ ಎನ್ನುತ್ತಿದ್ದರು. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಪೌರತ್ವ ತಿದ್ದುಪಡಿ ಕಾಯ್ದೆ ಅನ್ವಯಿಸುವುದು 2014ರ ಡಿಸೆಂಬರ್ 31ರೊಳಗೆ ಬಂದವರಿಗೆ. 2025ರಲ್ಲಿ ಕೇಂದ್ರ ಸರ್ಕಾರ 2024ರ ಕೊನೆಯವರೆಗೆ ಬಂದವರಿಗೆ ದಾಖಲೆಯಿಲ್ಲದಿದ್ದರೂ ಇರಲು ಅವಕಾಶ ಕೊಟ್ಟಿತು, ಆದರೆ ಅದು ಪೌರತ್ವವಲ್ಲ. ಈಗ ಜರ್ಮನಿಯಿಂದ ಹೊರಡುವವರಿಗೆ ಅದೂ ಸಿಗುವುದಿಲ್ಲ.

ಜರ್ಮನಿ 2024ರ ಆಗಸ್ಟಿನಲ್ಲಿ 28 ಅಫ್ಘಾನರನ್ನೂ 2025ರ ಜುಲೈನಲ್ಲಿ 81 ಮಂದಿಯನ್ನೂ ಕಾಬೂಲಿಗೆ ಕಳುಹಿಸಿತು. ಅವರು ಅಪರಾಧ ಪ್ರಕರಣಗಳಲ್ಲಿ ಸಿಕ್ಕಿದ್ದವರು. ಆದರೂ ನಿಂತಿದ್ದ ವಿಮಾನ ಮತ್ತೆ ಹಾರಿದೆ, ಆದ್ದರಿಂದ ತಡಮಾಡಬೇಡಿ. ಮೇಲ್ಮನವಿಗೆ ಸಾಮಾನ್ಯವಾಗಿ ಆದೇಶ ಕೈಸೇರಿದ ದಿನದಿಂದ ಎರಡೇ ವಾರ, ಕೆಲವು ಬಗೆಯ ತಿರಸ್ಕಾರಕ್ಕೆ ಒಂದೇ ವಾರ. ಇಂದೇ ವಕೀಲರನ್ನು ಕಾಣಲು ಹೇಳಿ. ಬ್ರಿಟನ್ನಿನ ಮೇಲ್ಮನವಿ ನ್ಯಾಯಮಂಡಳಿ 2015ರಲ್ಲಿ ಅಫ್ಘಾನ್ ಸಿಖ್ಖರ ಪ್ರಕರಣವೊಂದರಲ್ಲಿ, ಸಿಖ್ ಎಂದ ಮಾತ್ರಕ್ಕೆ ಎಲ್ಲರಿಗೂ ಆಶ್ರಯ ಸಲ್ಲದು, ಆದರೆ ಗಂಡು ದಿಕ್ಕಿಲ್ಲದ ಹೆಂಗಸರು, ಹಣಕಾಸಿನ ಸ್ಥಿತಿ, ಶ್ರದ್ಧೆಗೆ ತಕ್ಕ ಗುರುದ್ವಾರ ಕೈಗೆಟುಕುತ್ತದೆಯೇ, ಮಕ್ಕಳ ಓದು, ಇವನ್ನೆಲ್ಲ ತೂಗಿ ನೋಡಬೇಕು ಎಂದಿತ್ತು. ಜರ್ಮನಿಗೆ ಅದು ಬದ್ಧವಲ್ಲ, ಆದರೂ ಅದೇ ಜಾಡಿನಲ್ಲಿ ಬರೆಯಿಸಿ: ಯಾವ ಊರು, ಯಾವ ಗುರುದ್ವಾರಕ್ಕೆ ಹೋಗುತ್ತಿದ್ದರು, ಅದೀಗ ತೆರೆದಿದೆಯೇ, ಅಲ್ಲಿ ಉಳಿದ ಬಂಧುಗಳು ಯಾರಾದರೂ ಇದ್ದಾರೆಯೇ, ಮನೆ ಯಾರ ಕೈಯಲ್ಲಿದೆ. ತಜ್ಕಿರಾ ಇದ್ದರೆ ಮೂಲಪತ್ರವನ್ನು ಜೋಪಾನವಾಗಿಟ್ಟು, ಎರಡೂ ಬದಿಯ ಸ್ಪಷ್ಟ ಪ್ರತಿಯನ್ನು ತೆಗೆಸಿ ನಿಮ್ಮ ಬಳಿಯೂ ಒಂದು ಇಟ್ಟುಕೊಳ್ಳಿ.